ಸೇತುವೆಯ ಜೊತೆ ಹುಟ್ಟಿದವನು

ನಮ್ಮ ಕಚೇರಿಯ ಹಿಂಬದಿ ಕೋಣೆಯಲ್ಲಿ ಇರುವುದು ಎರಡೇ ಮೇಜು. ಕಿಟಕಿಯ ಪಕ್ಕದ್ದು ಜನನ, ಗೋಡೆಯ ಪಕ್ಕದ್ದು ಮರಣ. ಜನನದ ಮೇಜಿನಲ್ಲಿ ಕೂರುವವನನ್ನು ಎಲ್ಲರೂ ಜನನಪ್ಪ ಎನ್ನುತ್ತಾರೆ. ಮರಣದ ಮೇಜು ನನ್ನದು, ಆದ್ದರಿಂದ ನನ್ನನ್ನು ಏನೆನ್ನುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ನಾನು ಹತ್ತು ನಿಮಿಷ ತಡವಾಗಿ ಬಂದ ದಿನ ಜವಾನ ಕ್ಯೂನಲ್ಲಿ ನಿಂತವರಿಗೆ, ಮರಣಪ್ಪ ಇನ್ನೂ ಬಂದಿಲ್ಲ ಎನ್ನುತ್ತಾನೆ. ಅವರು, ಅವಸರವೇನಿಲ್ಲ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಇದೇ ನಡೆದಿದೆ. ನನಗೆ ಅದಕ್ಕೆ ನಗು ಬರುವುದು ಮೊದಲ ವರ್ಷವೇ ನಿಂತಿತು.

ಜನನಪ್ಪನ ಕೆಲಸ ಹುಟ್ಟಿದ ಪ್ರಮಾಣಪತ್ರ ಕೊಡುವುದು. ಅದಕ್ಕಿಂತ ಹೆಚ್ಚಾಗಿ, ಕೊಡದೆ ಇರುವುದು. ದಿನಕ್ಕೆ ಐದಾರು ಜನರಾದರೂ ಬಂದು, ನಮ್ಮಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು ಇಂಥ ವರ್ಷ, ನಿಮ್ಮ ಪುಸ್ತಕದಲ್ಲಿ ಬೇರೆ ಇದೆ ಎಂದು ಅಲವತ್ತುಕೊಳ್ಳುತ್ತಾರೆ. ಇವನು ತಲೆ ಎತ್ತುವುದಿಲ್ಲ. "ತಾಯಿ ಹೇಳಿದ್ರೆ ಆಗಲ್ಲ, ದಾಖಲೆ ಬೇಕು" ಎನ್ನುತ್ತಾನೆ. ಹೇಳಿ ಹೇಳಿ ಬಾಯಿ ನೋಯಲು ಶುರುವಾದ ಮೇಲೆ ಆ ಮಾತನ್ನೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತನ್ನ ತಲೆಯ ಮೇಲೆ ತೂಗುಹಾಕಿಕೊಂಡ. ಆಮೇಲೆ ಬಾಯಲ್ಲೂ ಹೇಳಿ, ಬೆರಳಿನಿಂದ ರಟ್ಟನ್ನೂ ತೋರಿಸತೊಡಗಿದ. ಒಟ್ಟಿನಲ್ಲಿ ಕೆಲಸ ಎರಡಾಯಿತು.

ಇಂಥವನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಅಂದರೆ ನಿವೃತ್ತಿಗೆ ಸರಿಯಾಗಿ ಎರಡು ವರ್ಷ ಇರುವಾಗ, ಇತಿಹಾಸದ ಗಾಳಿ ಬೀಸಿತು. ಬೀಸಿದ್ದು ಅವನ ಬೀಗರ ಮನೆಯಿಂದ.

ಅವನ ಮಗಳ ಮಾವ ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಾತಿಗೆ ಕೂತರೆ ಎದುರಿಗಿದ್ದವರಿಗೆ ಹಾಜರಿ ಹೇಳಬೇಕೆನ್ನಿಸುವಂಥ ಮನುಷ್ಯ. ಒಂದು ಭಾನುವಾರ ಜನನಪ್ಪ ಅಲ್ಲಿಗೆ ಹೋಗಿದ್ದಾಗ ಹತ್ತು ವರ್ಷದ ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು. ಮನೆಯ ಹಿರಿಯರು ಹುಟ್ಟಿದ ವರ್ಷ ನಡೆದ ಮುಖ್ಯ ಘಟನೆಗಳನ್ನು ಕೇಳಿ ಬರೆದುಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಬೀಗರು ಹುಟ್ಟಿದ ವರ್ಷ ಊರಿಗೆ ಮೊದಲ ರೈಲು ಬಂದಿತ್ತು. ಬೀಗಿತ್ತಿ ಹುಟ್ಟಿದ ವರ್ಷ ಬೀದಿಗೆ ವಿದ್ಯುತ್ ದೀಪ ಬಂದಿತ್ತು. ಇಬ್ಬರೂ ಅದನ್ನು ತಾವೇ ತರಿಸಿದವರ ಹಾಗೆ ಹೇಳಿಕೊಂಡರು. ಆಮೇಲೆ ಮೊಮ್ಮಗಳು ಇವನ ಕಡೆ ತಿರುಗಿ, "ತಾತ, ನೀನು ಹುಟ್ಟಿದ ವರ್ಷ ಏನಾಯ್ತು?" ಎಂದಳು. ಇವನು, ಬಹಳ ಇದೆ, ನೋಡಿ ಹೇಳುತ್ತೇನೆ ಎಂದ. ಬೀಗರು ಸಣ್ಣದಾಗಿ ಕೆಮ್ಮಿದರು. ಆ ಕೆಮ್ಮು ಇವನ ಕಿವಿಯಲ್ಲಿ ಸೋಮವಾರದವರೆಗೂ ಕೂತಿತ್ತು.

ಸೋಮವಾರ ಊಟದ ವೇಳೆಯಲ್ಲಿ ನನ್ನನ್ನೂ ಎಳೆದುಕೊಂಡು ಗ್ರಂಥಾಲಯಕ್ಕೆ ಹೋದ. ಹಳೆಯ ಪತ್ರಿಕೆಗಳನ್ನು ವರ್ಷಕ್ಕೊಂದರಂತೆ ಹೊಲಿದು ಇಟ್ಟಿದ್ದರು. ಅವನು ಹುಟ್ಟಿದ ವರ್ಷದ ಕಟ್ಟನ್ನು ಇಬ್ಬರೂ ಹೊತ್ತು ತಂದು ಮೇಜಿನ ಮೇಲೆ ಹಾಕಿ, ಸೀನು ನಿಂತ ಮೇಲೆ ಓದಲು ಕೂತೆವು. ಜನವರಿಯಲ್ಲಿ ನಗರಸಭೆಯ ಸಭೆ ಸದಸ್ಯರು ಸಾಲದೆ ಮುಂದಕ್ಕೆ ಹೋಗಿತ್ತು. ಮಾರ್ಚ್‌ನಲ್ಲಿ ಅದೇ ಸಭೆ ಮತ್ತೆ ಮುಂದಕ್ಕೆ ಹೋಗಿತ್ತು. ಮೇ ತಿಂಗಳಲ್ಲಿ ಒಬ್ಬರ ಛತ್ರಿ ಕಳೆದಿತ್ತು. ಹಿಡಿ ಮರದ್ದು, ಒಂದು ಕಡ್ಡಿ ಬಾಗಿದೆ ಎಂದು ವಿವರ ಕೊಟ್ಟಿದ್ದರು. ಜುಲೈಯಲ್ಲಿ ಆ ಛತ್ರಿ ಸಿಕ್ಕಿತ್ತು. ಡಿಸೆಂಬರ್‌ನಲ್ಲಿ ಸಂಪಾದಕರು, ಈ ವರ್ಷ ಬರೆಯುವಂಥದ್ದು ಏನೂ ಇರಲಿಲ್ಲವೆಂದು ಓದುಗರ ಕ್ಷಮೆ ಕೇಳಿದ್ದರು.

ಛತ್ರಿ ಸಿಕ್ಕಿದ್ದು ಸಣ್ಣ ವಿಷಯವಲ್ಲ ಎಂದು ನಾನು ಸಮಾಧಾನ ಹೇಳಿದೆ. ಜನನಪ್ಪ ಕಟ್ಟನ್ನು ಕಪಾಟಿನಲ್ಲಿಡಲು ಹೋದ. ಅಲ್ಲಿ ಪಕ್ಕದ ಕಟ್ಟು ಜಾರಿ ಅವನ ಕೈಗೆ ಬಂತು. ಅವನು ಹುಟ್ಟುವುದಕ್ಕೆ ಎರಡು ವರ್ಷ ಹಿಂದಿನದು. ತೆರೆದರೆ ಇಡೀ ಪುಟದ ಒಂದು ಫೋಟೊ: ನಮ್ಮ ನದಿಯ ಮೇಲಿನ ದೊಡ್ಡ ಸೇತುವೆಯ ಉದ್ಘಾಟನೆ. ಜನಸಾಗರ, ಅಗಲವಾದ ರಿಬ್ಬನ್, ಕತ್ತರಿ ಹಿಡಿದ ಗಣ್ಯರು. ಮೂಲೆಯಲ್ಲಿ ಮಾತ್ರ ಯಾರೋ ಒಬ್ಬಾಕೆ ಇನ್ನೂ ಕತ್ತರಿಸದ ರಿಬ್ಬನ್ನಿನ ಕೆಳಗೆ ಬಗ್ಗಿ ನುಸುಳುತ್ತಿದ್ದಳು. ಬೆನ್ನಷ್ಟೇ ಕಾಣುತ್ತಿತ್ತು. ಇಬ್ಬರು ಪೊಲೀಸಿನವರು ಅವಳ ಕಡೆ ಓಡುತ್ತಿದ್ದರು.

"ನೋಡು, ಎಂಥ ಚಂದದ ಫೋಟೊ. ಯಾರೋ ಶಿಸ್ತಿಲ್ಲದ ಹೆಂಗಸು ಹಾಳು ಮಾಡಿಬಿಟ್ಟಿದಾಳೆ" ಎಂದ. ಆಮೇಲೆ ಬಹಳ ಹೊತ್ತು ಆ ಪುಟದ ಮೇಲೆ ಕೈಯಿಟ್ಟುಕೊಂಡು ಕೂತ. ನನಗೆ ಆಗಲೇ ಸಂಶಯ ಬರಬೇಕಿತ್ತು. ಆದರೆ ಊಟದ ವೇಳೆ ಮುಗಿಯುತ್ತಿತ್ತು, ನನ್ನ ಗಮನವೆಲ್ಲ ಡಬ್ಬಿಯ ಮೇಲಿತ್ತು.

ಸಂಜೆ ಅವನು ಮೊಮ್ಮಗಳಿಗೆ ಫೋನ್ ಮಾಡಿ, ತಾನು ಹುಟ್ಟಿದ್ದು ಸೇತುವೆಯ ವರ್ಷ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನೋಟ್‌ಬುಕ್ಕಿನಲ್ಲೇ ಮುಗಿದುಹೋಗುತ್ತಿತ್ತು. ವರ್ಷದ ಜೊತೆ ತಾರೀಖೂ ಇರಲಿ ಎಂದು, ಉದ್ಘಾಟನೆಯ ದಿನವೇ ಹುಟ್ಟಿದೆ ಎಂದೂ ಸೇರಿಸಿದ. ಆಚೆ ಕಡೆ ಬೀಗರು ಕೆಮ್ಮಲಿಲ್ಲವಂತೆ. ಅದನ್ನು ಅವನು ನನಗೆ ಎರಡು ಸಲ ಹೇಳಿದ.

ಆದರೆ ಸೇತುವೆಗೂ ವಯಸ್ಸಾಗುತ್ತದೆ. ಆ ವರ್ಷ ಅದಕ್ಕೆ ಅರವತ್ತು ತುಂಬುತ್ತಿತ್ತು, ಸಮಾರಂಭಕ್ಕೊಂದು ಸಮಿತಿ ಆಗಿತ್ತು. ಮೊಮ್ಮಗಳ ಟೀಚರಿನ ಗಂಡನೇ ಅದರ ಕಾರ್ಯದರ್ಶಿ. ಆತ ಅದೇ ವಾರ ಜನನಪ್ಪನ ಮನೆಗೆ ಬಂದು ಕೈ ಕುಲುಕಿ, ನಿಮ್ಮಂಥವರನ್ನೇ ಹುಡುಕುತ್ತಿದ್ದೆವು ಎಂದ. ವೇದಿಕೆಯ ಮೇಲೆ ಮೊಮ್ಮಗಳು ತನ್ನ ಪ್ರಬಂಧ ಓದುವುದು, ಪಕ್ಕದಲ್ಲಿ ತಾತ ಕೂರುವುದು ಎಂದು ನಿಶ್ಚಯವಾಯಿತು. ಸಮಿತಿಯ ಪತ್ರಿಕೆಯಲ್ಲಿ 'ಸೇತುವೆಯ ಜೊತೆ ಹುಟ್ಟಿದವರು' ಎಂಬ ತಲೆಬರಹದಡಿ ಅವನ ಫೋಟೊ ಬಂತು. ಅವನು ಅದನ್ನು ಎಂಟು ಪ್ರತಿ ತಂದು, ಒಂದನ್ನು ಯಾರೋ ಮರೆತು ಬಿಟ್ಟ ಹಾಗೆ ನನ್ನ ಮೇಜಿನ ಮೇಲೆ ಬಿಟ್ಟುಹೋದ.

ಅಂದಿನಿಂದ ಅವನ ನಡಿಗೆ ಬದಲಾಯಿತು. ಸಂಜೆ ಸೇತುವೆಯ ಮೇಲೆ ಕೈಕಂಬಿ ಸವರಿಕೊಂಡು ಹೋಗುವನು. ಎಲ್ಲಿಯಾದರೂ ಗಾರೆ ಕಿತ್ತಿದ್ದರೆ ತನ್ನ ಮೊಣಕಾಲು ಮುಟ್ಟಿಕೊಂಡು, "ನಮಗಿಬ್ಬರಿಗೂ ವಯಸ್ಸಾಯ್ತು" ಎನ್ನುವನು. ಅವನ ಹೆಂಡತಿ ನಮ್ಮ ಮನೆಗೆ ಬಂದು, ಇವರು ಹೋದ ವಾರದವರೆಗೂ ಐವತ್ತೆಂಟಾಗಿದ್ದರು, ಈಗ ಅರವತ್ತಂತೆ, ನನಗೆ ಯಾರೂ ಒಂದು ಮಾತು ಕೇಳಲಿಲ್ಲ ಎಂದು ನನ್ನ ಹೆಂಡತಿಯ ಹತ್ತಿರ ದೂರಿದಳು.

ಮೊದಲ ಪೆಟ್ಟು ಕೊಟ್ಟವನು ಅವನ ಅಣ್ಣ. ಬಸ್ ಡಿಪೊದಲ್ಲಿ ಕಂಟ್ರೋಲರ್. ಮೂವತ್ತು ವರ್ಷ ಬಸ್ಸುಗಳ ಜೊತೆ ಮಾತಾಡಿ ಮನುಷ್ಯರ ಜೊತೆ ಮಾತಾಡುವ ಸ್ವರ ಮರೆತುಬಿಟ್ಟಿದ್ದ. ಅವನ ದಾಖಲೆಯ ಪ್ರಕಾರ ಅವನು ಹುಟ್ಟಿದ್ದು ಸೇತುವೆಯಾದ ಮರುವರ್ಷ. ಪತ್ರಿಕೆ ಹಿಡಿದು ನೇರ ನಮ್ಮ ಕೋಣೆಗೆ ನುಗ್ಗಿದ. ಜನನದ ಕ್ಯೂ ತಾನಾಗಿ ಮರಣದ ಕಡೆ ಸರಿಯಿತು.

"ನೀನು ಸೇತುವೆ ವರ್ಷ, ನಾನು ಅದರ ಮುಂದಿನ ವರ್ಷ. ಅಂದ್ಮೇಲೆ ಇವತ್ತಿನಿಂದ ನಾನು ನಿನ್ನ ತಮ್ಮನಾ?" ಎಂದು ಕೇಳಿದ.

ಜನನಪ್ಪ, ಹಾಗಲ್ಲ ಅಣ್ಣ ಎಂದ. ನೀನೇ ದೊಡ್ಡವನಾದ ಮೇಲೆ ಅಣ್ಣ ಎಂದು ಯಾಕೆ ಕರೆಯುತ್ತೀಯ ಎಂದ ಅವನು. ಚಿಕ್ಕವನಿದ್ದಾಗ ನಿನಗಾಗಿ ತಿಂದ ಏಟುಗಳನ್ನೆಲ್ಲ ನಾನು ದೊಡ್ಡವನು ಅಂತ ತಾನೇ ತಿಂದಿದ್ದು, ಅವನ್ನು ಈಗ ಯಾರು ವಾಪಸು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ. ಕ್ಯೂನಲ್ಲಿದ್ದ ಒಬ್ಬ ಹಿರಿಯರು ಅದು ನ್ಯಾಯವಾದ ಪ್ರಶ್ನೆ ಎಂದರು. ಭಾನುವಾರ ಅಮ್ಮನ ಮುಂದೆ ಇತ್ಯರ್ಥವಾಗಲಿ ಎಂದು ಹೇಳಿ ಅಣ್ಣ ಹೊರಟ. ಹೋಗುವಾಗ ಬಾಗಿಲನ್ನು ಡಿಪೊದ ಗೇಟಿನ ಹಾಗೆ ಹಾಕಿದ.

ಎರಡನೆಯ ಪೆಟ್ಟು ಒಳಕೋಣೆಯಿಂದ ಬಂತು. ನಮ್ಮ ಅಧಿಕಾರಿ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಕಾಗದದ ವಿಷಯದಲ್ಲಿ ಬಹಳ ಹಿರಿಯರು. ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆಸಿದರು. ನನ್ನನ್ನು ಸಾಕ್ಷಿಗೆ. ಅವರ ಮೇಜಿನ ಮೇಲೆ ಎಡಗಡೆ ಸಮಿತಿಯ ಪತ್ರಿಕೆ, ಬಲಗಡೆ ಜನನಪ್ಪನ ಸೇವಾ ಪುಸ್ತಕ. ಎರಡರ ಅಂಚೂ ಸಮನಾಗಿ ಕೂಡುವ ಹಾಗೆ ಸರಿಮಾಡಿ ಕೇಳಿದರು:

"ಸೇತುವೆಗೆ ಈ ತಿಂಗಳು ಅರವತ್ತು. ನಿಮಗೆ?"

ಜನನಪ್ಪ ಛಾವಣಿ ನೋಡಿದ. ಮೇಡಂ ಮೆತ್ತಗೆ ಹೇಳಿದರು: ಪತ್ರಿಕೆ ನಿಜವಾದರೆ ಈ ತಿಂಗಳ ಕೊನೆಗೆ ನಿಮ್ಮ ನಿವೃತ್ತಿ. ಪುಸ್ತಕ ನಿಜವಾದರೆ, ಜನನ ವಿಭಾಗದವರೇ ತಮ್ಮ ಜನನದ ಬಗ್ಗೆ ಸಾರ್ವಜನಿಕವಾಗಿ ಸುಳ್ಳು ಹೇಳಿದ ಹಾಗಾಯಿತು. ಸಮಾರಂಭಕ್ಕೆ ನನ್ನನ್ನೂ ಕರೆದಿದ್ದಾರೆ, ಅಲ್ಲಿ ನೀವು ಏನು ಹೇಳುತ್ತೀರೆಂದು ನೋಡಿಕೊಂಡು ತೀರ್ಮಾನಿಸುತ್ತೇನೆ.

ಹೊರಗೆ ಬಂದು ಜನನಪ್ಪ ತನ್ನ ಕುರ್ಚಿಯಲ್ಲಿ ಕೂತ. ಕುರ್ಚಿಯ ಒಂದು ಕಾಲು ಗಿಡ್ಡ, ಅದಕ್ಕೆ ಮಡಿಸಿದ ಅರ್ಜಿ ಕೊಟ್ಟು ಇಪ್ಪತ್ತೆಂಟು ವರ್ಷ ಕೂತಿದ್ದಾನೆ. "ಮನೇಲಿ ಕೂತು ನಾನೇನು ಮಾಡಲಿ? ನನಗೆ ಇದು ಬಿಟ್ರೆ ಬೇರೆ ಏನೂ ಬರಲ್ಲ" ಎಂದ. ಅದು ನಿಜ. ಅವನ ಜೊತೆ ರಜೆಯ ದಿನ ಅರ್ಧ ಗಂಟೆ ಕಳೆದವರಿಗೆಲ್ಲ ಗೊತ್ತು.

ಆ ಸಂಜೆಯೇ ಮೊಮ್ಮಗಳ ಹತ್ತಿರ ಹೋಗಿ, ತಾತನಿಂದ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಾಗಿದೆ ಎಂದು ಶುರುಮಾಡಿದ. ಅವಳು ನೆಲದ ಮೇಲೆ ಕೂತು ದೊಡ್ಡ ಹಾಳೆಯಲ್ಲಿ ಸೇತುವೆ ಬರೆಯುತ್ತಿದ್ದಳು. ಕೆಳಗೆ ನದಿ, ಮೇಲೆ ತೊಟ್ಟಿಲು, ತೊಟ್ಟಿಲಲ್ಲಿ ಮೀಸೆ ಇರುವ ಮಗು. ಅವಳು ತಲೆ ಎತ್ತದೆ ಹೇಳಿದಳಂತೆ: ಕ್ಲಾಸಿನಲ್ಲಿ ಒಬ್ಬಳು ನಿಮ್ಮ ತಾತ ಸುಳ್ಳು ಹೇಳುತ್ತಾರೆ ಎಂದಳು, ನನ್ನ ತಾತ ಬೇರೆಯವರು ಹೇಳಿದ ಸುಳ್ಳನ್ನೇ ಹಿಡಿಯುವ ಕೆಲಸದಲ್ಲಿದ್ದಾರೆ ಅಂದೆ, ಈಗ ನಾವು ಮಾತು ಬಿಟ್ಟಿದ್ದೇವೆ. ಆಮೇಲೆ, ಏನು ತಪ್ಪಾಗಿದೆ ತಾತ ಎಂದು ಕೇಳಿದಳು. ಇವನು, ತೊಟ್ಟಿಲಿನ ಬಣ್ಣ ಹಸಿರು ಎಂದು ಹೇಳಿ ಎದ್ದುಬಂದ.

ಹೀಗೆ ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಮೊಮ್ಮಗಳ ಮುಖ. ಮಧ್ಯೆ ನಿಂತ ಜನನಪ್ಪ ಊಟದಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳಲಾಗದ ಸ್ಥಿತಿ ತಲುಪಿದ. ಭಾನುವಾರ ನನ್ನನ್ನೂ ಕರೆದುಕೊಂಡು ಅಣ್ಣನ ಮನೆಗೆ ಹೋದ. ಅಮ್ಮ ಅಲ್ಲೇ ಇರುವುದು. ಎಂಬತ್ತೈದು ದಾಟಿದೆ, ಕಿವಿ ಚುರುಕು, ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಆಗ ದೊಡ್ಡ ಮಗನ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು.

ಅಣ್ಣ ನಡುಮನೆಯಲ್ಲಿ ನಿಂತು ಮೊಕದ್ದಮೆ ಮಂಡಿಸಿದ. ಇವನು ಸೇತುವೆಯ ದಿನ ಹುಟ್ಟಿದೆ ಅಂತ ಊರಿಗೆಲ್ಲ ಸಾರಿದ್ದಾನೆ, ಇದು ಸುಳ್ಳು ಅಂತ ನೀನೇ ಹೇಳಮ್ಮ ಎಂದ. ಜನನಪ್ಪ ತಲೆ ತಗ್ಗಿಸಿ, ಹೌದಮ್ಮ ಸುಳ್ಳು, ಬೀಗರ ಮುಂದೆ ಏನೋ ಬಾಯಿಗೆ ಬಂದದ್ದು ಹೇಳಿಬಿಟ್ಟೆ ಎಂದು ಒಪ್ಪಿಕೊಂಡ.

ಅಮ್ಮ ದಾರವನ್ನು ಹಲ್ಲಿನಿಂದ ಕಡಿದರು. "ಸುಳ್ಳು ಯಾಕಾಗತ್ತೆ? ನೀನು ಹುಟ್ಟಿದ್ದು ಅವತ್ತೇ ಅಲ್ವಾ" ಎಂದರು.

ಅಮ್ಮ ಗುಂಡಿಯ ಕೆಲಸ ಬಿಡದೆ ವಿವರಿಸಿದರು. ಅವತ್ತು ಅಪ್ಪ ಸೇತುವೆ ನೋಡಲೇಬೇಕೆಂದು ಹಟ ಹಿಡಿದರು. ಜನರ ನಡುವೆ ನಿಂತಾಗ ಹೊಟ್ಟೆನೋವು ಶುರುವಾಯಿತು. ಹೆರಿಗೆ ಆಸ್ಪತ್ರೆ ಆಚೆ ದಡದಲ್ಲಿ, ದೋಣಿ ಅವತ್ತಿಗೇ ನಿಲ್ಲಿಸಿಬಿಟ್ಟಿದ್ದರು, ಭಾಷಣ ಮುಗಿಯುವ ಹಾಗಿರಲಿಲ್ಲ. "ಅವರು ಕತ್ತರಿಸೋವರೆಗೆ ನೀನು ಕಾಯ್ತಿದ್ಯಾ? ನಾನು ರಿಬ್ಬನ್ ಕೆಳಗೆ ನುಗ್ಗಿ ಹೊರಟೇಬಿಟ್ಟೆ. ಪೊಲೀಸಿನವರು ಹಿಡಿಯೋಕೆ ಬಂದ್ರು, ನನ್ನ ಹೊಟ್ಟೆ ನೋಡಿ ಅವರೇ ಕೈ ಹಿಡಿದು ದಾಟಿಸಿದ್ರು."

ಜನನಪ್ಪ ನನ್ನ ಮುಖ ನೋಡಿದ. ಶಿಸ್ತಿಲ್ಲದ ಹೆಂಗಸು ಎಂಬ ಮಾತನ್ನು ನಾನು ನೆನಪಿಸಲಿಲ್ಲ. ಮನಸ್ಸಿನಲ್ಲಿ ಮಾತ್ರ ಅಂದುಕೊಂಡೆ.

ಅಣ್ಣ ಬಿಡಲಿಲ್ಲ. ಹಾಗಾದರೆ ನಾನು ಇವನ ತಮ್ಮನೇ ಎಂದು ಗಟ್ಟಿಯಾಗಿ ಕೇಳಿದ. ಅಮ್ಮ ಅವನಿಗೂ ಉತ್ತರ ಕೊಟ್ಟರು: "ನೀನು ಸೇತುವೆಗಿಂತ ಎರಡು ವರ್ಷ ದೊಡ್ಡವನು. ನಾನು ಕೆಲಸಕ್ಕೆ ಹೋಗ್ತಿದ್ದೆ, ಇವನನ್ನ ನೋಡ್ಕೊಳೋಕೆ ಮನೇಲಿ ಯಾರಿದ್ರು, ನೀನೇ ತಾನೆ? ಅದಕ್ಕೇ ಇಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದ್ದು. ಐದು ವರ್ಷ ದಾಟಿದವರಿಗೆ ಜಾಗ ಇಲ್ಲ ಅಂದ್ರು. ನೀನು ಎಂಟಾದ್ರೂ ಇಷ್ಟೇ ಇದ್ದೆ." ಸೂಜಿ ಹಿಡಿದ ಕೈಯಿಂದ ಸ್ಟೂಲಿನ ಎತ್ತರ ತೋರಿಸಿದರು. "ಹೆಡ್‌ಮಾಸ್ತರು ನಿನಗೆ ಐದು ಬರೆದ್ರು. ಇಬ್ಬರಿಗೂ ಐದು ಬರೆದ್ರೆ ಚೆನ್ನಾಗಿರಲ್ಲ ಅಂತ ಇವನಿಗೆ ನಾಲ್ಕು ಬರೆದ್ರು."

ಅಣ್ಣ ಬೆರಳು ಮಡಚಿ ಎಣಿಸಿದ. ಅವನಿಗೆ ಅರವತ್ತೆರಡಾಗಿತ್ತು. ಡಿಪೊದ ದಾಖಲೆಯಲ್ಲಿ ಐವತ್ತೊಂಬತ್ತು. ಅಂದರೆ ನಿವೃತ್ತನಾಗಿ ಎರಡು ವರ್ಷವಾದರೂ ದಿನಾ ಬೆಳಿಗ್ಗೆ ಬಸ್ ಬಿಡುತ್ತಿದ್ದ. ನಾನು ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ಕೇಳಿದ್ದು ಅವತ್ತೇ ಮೊದಲು. ಕಿಟಕಿ ಹಾಕು ಎಂದು ಹೆಂಡತಿಗೆ ಹೇಳಿದ.

ಆಮೇಲೆ ಅಣ್ಣತಮ್ಮ ಇಬ್ಬರೂ ಒಂದಾಗಿ, ಅಮ್ಮ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಆಕ್ಷೇಪಿಸಿದರು. "ನೀವು ಕೇಳಿದ್ರಾ?" ಎಂದರು ಅಮ್ಮ. ಊರಿನ ಜನರನ್ನೆಲ್ಲ ಹುಟ್ಟಿದ್ದು ಯಾವಾಗ ಎಂದು ಇಪ್ಪತ್ತೆಂಟು ವರ್ಷ ಕೇಳಿದ ಮನುಷ್ಯ ಹೆತ್ತವಳನ್ನು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಿದ್ದು ಕೂಡ ಅಣ್ಣ, ಅದೂ ಅವಳು ಸುಳ್ಳು ಎನ್ನಲಿ ಎಂದು.

ಈ ಮಾತು ಮನೆಯೊಳಗೇ ಇರಲಿ ಎಂದು ಮಕ್ಕಳು ಬೇಡಿಕೊಂಡರು. ಅಮ್ಮ ಆಯಿತು ಎಂದರು. ಆದರೆ ಮೊಮ್ಮಗನ ಹೆಂಡತಿಗೆ ಮಾತ್ರ ಹೇಳಿದರು. ಬುಧವಾರ ಸಮಿತಿಯ ಕಾರ್ಯದರ್ಶಿ ಕಾರು ತಂದು, ಅಮ್ಮನವರೇ ಮುಖ್ಯ ಅತಿಥಿ ಎಂದು ಕೈಮುಗಿದ.

ಸಮಾರಂಭದ ದಿನ ವೇದಿಕೆಯ ಹಿಂದೆ ಅದೇ ಹಳೆಯ ಫೋಟೊವನ್ನು ಗೋಡೆಯಷ್ಟು ದೊಡ್ಡದು ಮಾಡಿ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಮೇಡಂ, ತೊಡೆಯ ಮೇಲೆ ಸೇವಾ ಪುಸ್ತಕ. ಅವರ ಪಕ್ಕದಲ್ಲಿ ಬೀಗರು. ಅಣ್ಣ ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಇದ್ದ. ಮೊಮ್ಮಗಳು ಪ್ರಬಂಧ ಓದಿದಳು. ಆಮೇಲೆ ಮುತ್ತಜ್ಜಿ ಎದ್ದು, ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ, ನಡೆದದ್ದನ್ನೆಲ್ಲ ಹೇಳಿದರು. ತಿರುಗಿ ಫೋಟೊದ ಮೂಲೆಯ ಬೆನ್ನಿನ ಮೇಲೆ ಬೆರಳಿಟ್ಟು, "ಇದು ನಾನು. ಹೊಟ್ಟೆಯೊಳಗೆ ಇರೋದು ಇವನು. ಸೇತುವೆ ಮೊದಲು ದಾಟಿದ್ದು ನಾವಿಬ್ಬರೇ" ಎಂದರು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಡಂ ಕೂಡ ಹೊಡೆದು, ನಡುವೆ ನೆನಪಾಗಿ ನಿಲ್ಲಿಸಿದರು. ಕಾರ್ಯದರ್ಶಿ ಮೈಕನ್ನು ಜನನಪ್ಪನ ಮುಂದೆ ಹಿಡಿದು, ಏನು ಹೇಳುತ್ತೀರಿ ಸಾರ್ ಎಂದ. ಜನನಪ್ಪ ಮೇಡಂ ತೊಡೆಯ ಮೇಲಿನ ಪುಸ್ತಕ ನೋಡಿದ. ಕಂಬದ ಹಿಂದಿನಿಂದ ಅಣ್ಣ ಕೈಸನ್ನೆಯಲ್ಲಿ ಬ್ರೇಕ್ ಹಾಕು ಎಂದ. ಮೊಮ್ಮಗಳು ಹಾಳೆ ಮಡಚಿಕೊಂಡು ತಾತನ ಬಾಯಿಯನ್ನೇ ನೋಡುತ್ತಿದ್ದಳು. ಕ್ಲಾಸಿನ ಆ ಇನ್ನೊಬ್ಬಳೂ ಎರಡನೆಯ ಸಾಲಿನಲ್ಲಿದ್ದಳು.

"ನಮ್ಮಮ್ಮ ಹೇಳಿದ್ದೇ ನಿಜ" ಎಂದ ಜನನಪ್ಪ. ಮೈಕನ್ನು ಕಾರ್ಯದರ್ಶಿಯ ಕಡೆ ತಳ್ಳಿ ಕೂತುಬಿಟ್ಟ. ನನಗೂ ಕಣ್ಣಲ್ಲಿ ಏನೋ ಬಿದ್ದ ಹಾಗಾಯಿತು. ಸಭಾಂಗಣದಲ್ಲಿ ಧೂಳು ಜಾಸ್ತಿ.

ಮರುದಿನ ಬೆಳಿಗ್ಗೆ ಅವನು ಹೊತ್ತಿಗೆ ಮುಂಚೆಯೇ ಬಂದು ಮೇಜಿನ ಖಾನೆ ಖಾಲಿ ಮಾಡುತ್ತಿದ್ದ. ಕುರ್ಚಿಯ ಕಾಲಿಗೆ ಕೊಟ್ಟಿದ್ದ ಅರ್ಜಿಯನ್ನೂ ತೆಗೆದು ಬಿಡಿಸಿ ನೋಡಿದ. ಅದನ್ನು ಕೊಟ್ಟವರು ಇನ್ನೂ ಕಾಯುತ್ತಿದ್ದಾರೋ ಏನೋ. ಅಷ್ಟರಲ್ಲಿ ಮೇಡಂ ತಾವೇ ನಮ್ಮ ಕೋಣೆಗೆ ಬಂದರು. ಹಿಂದೆ ಜವಾನ ಸೇತುವೆಯ ವರ್ಷದ ಜನನ ಪುಸ್ತಕವನ್ನು ಎದೆಗವಚಿಕೊಂಡು ಬಂದ. ರಾತ್ರಿಯೆಲ್ಲ ಯೋಚಿಸಿದೆ, ನೀವು ಸುಳ್ಳು ಹೇಳಲಿಲ್ಲವೆಂದು ನನಗೆ ಸಂತೋಷ, ಈಗ ದಾಖಲೆ ನೋಡೋಣ ಎಂದು ಅವರು ಪುಟ ತೆಗೆಸಿದರು. ಉದ್ಘಾಟನೆಯ ತಾರೀಖಿನ ಕೆಳಗೆ ಒಂದೇ ಒಂದು ಸಾಲು ಇತ್ತು: 'ಸೇತುವೆ ಉದ್ಘಾಟನೆ ನೋಡಲು ಗುಮಾಸ್ತರು ಹೋಗಿರುವುದರಿಂದ ಕಚೇರಿಗೆ ರಜೆ.'

ಅಪ್ಪ ಅವತ್ತು ಬರೆಸಲು ಕಚೇರಿಗೆ ಬಂದು ಬಾಗಿಲ ಬೀಗ ನೋಡಿ ವಾಪಸು ಹೋಗಿ, ನಾಳೆ ಬರೋಣ ಎಂದಿದ್ದರಂತೆ. ಆ ನಾಳೆ ಬಂದಿರಲಿಲ್ಲ. ಮೇಡಂ ಹಿಂದಿನ ಪುಟ, ಮುಂದಿನ ಪುಟ, ಇಡೀ ವರ್ಷ ತಿರುವಿದರು. ಜನನಪ್ಪ ಎಲ್ಲಿಯೂ ಹುಟ್ಟಿರಲಿಲ್ಲ.

"ಆದರೆ ಅಮ್ಮ ಎಲ್ಲರ ಮುಂದೆ ಹೇಳಿದಾರಲ್ಲ ಮೇಡಂ. ಫೋಟೊದಲ್ಲಿ ಬೆನ್ನು ಬೇರೆ ಇದೆ" ಎಂದ ಜನನಪ್ಪ. ಒಂದು ಸಲ ನಿಜ ಹೇಳಿ ರುಚಿ ಹತ್ತಿಬಿಟ್ಟಿತ್ತು, ತನ್ನ ಕೆಲಸದ ವಿರುದ್ಧವೇ ವಾದಿಸತೊಡಗಿದ.

ಮೇಡಂ ತಲೆ ಎತ್ತಲಿಲ್ಲ. ಬೆರಳು ಮಾತ್ರ ಎತ್ತಿ, ಅವನ ತಲೆಯ ಮೇಲೆ ತೂಗುತ್ತಿದ್ದ ರಟ್ಟನ್ನು ತೋರಿಸಿದರು. ಅಕ್ಷರ ಅವನದೇ. ನಿವೃತ್ತಿಗೆ ಎರಡು ವರ್ಷ ಇದೆ, ಕ್ಯೂ ನಿಂತಿದೆ, ಕೂತುಕೊಳ್ಳಿ ಎಂದು ಹೇಳಿ ಹೋದರು.

ಈಗ ಆ ಕ್ಯೂ ಮೊದಲಿಗಿಂತ ಉದ್ದವಾಗಿದೆ. ಯಾರಾದರೂ ಬಂದು, ನಮ್ಮಮ್ಮ ಹೇಳುವ ಪ್ರಕಾರ ಎಂದು ಬಾಯಿ ತೆರೆದರೆ ಸಾಕು, ಜನನಪ್ಪ ಅವರಿಗೆ ಸ್ಟೂಲು ಕೊಟ್ಟು, ಅವತ್ತು ಏನೇನಾಯಿತು, ಯಾರು ಯಾರಿದ್ದರು ಎಂದು ಮೊದಲಿನಿಂದ ಕೇಳುತ್ತಾನೆ. ತಾಯಿ ಇನ್ನೂ ಇದ್ದಾರೆಂದರೆ ಇವತ್ತೇ ಹೋಗಿ ಪೂರ್ತಿ ಕೇಳಿಕೊಂಡು ಬನ್ನಿ ಎಂದು ಕಳಿಸುತ್ತಾನೆ. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡ ಮೇಲೆ, ದಾಖಲೆ ಇಲ್ಲದೆ ಆಗುವುದಿಲ್ಲವೆಂದು ರಟ್ಟು ತೋರಿಸುತ್ತಾನೆ. ಜನ ಬೈಯದೆ ಹೋಗುತ್ತಾರೆ, ಅದೊಂದು ನನಗೆ ಆಶ್ಚರ್ಯ.

ಇದೆಲ್ಲ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ. ಊಟವಾದ ಮೇಲೆ ಅವನು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಬಂದವರನ್ನೆಲ್ಲ ನನ್ನ ಕಡೆಗೆ ಕಳಿಸುತ್ತಾನೆ. ಒಂದು ದಿನ ರೇಗಿ, ಇದೇನು ನಿನ್ನ ಕ್ರಮ ಎಂದು ಕೇಳಿದೆ. ಕಣ್ಣು ತೆರೆಯದೆ ಹೇಳಿದ: ಬೆಳಿಗ್ಗೆ ತಾನು ದಾಖಲೆಯ ಪ್ರಕಾರ ಕೆಲಸದಲ್ಲಿರುತ್ತಾನಂತೆ, ಊಟವಾದ ಮೇಲೆ ತಾಯಿಯ ಪ್ರಕಾರ ನಿವೃತ್ತನಂತೆ.